ಕಂಬಳಿ ಕೆಳಗಿನ ರೇಟು

5 ಜೂನ್ 2006, ಬೆಳಿಗ್ಗೆ

ಬನ್ನಿ ಮಹಾಜನಗಳೇ! ಮುಂದಿನ ಚಾಪೆಯವರು ಕಾಲು ಮಡಚಿ ಕೂರಿ, ಹಿಂದೆ ಬೀಡಿ ಹಚ್ಚಿದವರು ಆರಿಸಿ!... ಯಾರಿಗೆ ಹೇಳುತ್ತಿದ್ದೇನೆ? ರೂಮಿನಲ್ಲಿ ನಾನು, ಗೋಡೆಯ ಮೇಲೊಂದು ಹಲ್ಲಿ. ಇರಲಿ. ಹಲ್ಲಿಯೂ ಪ್ರೇಕ್ಷಕರೇ.

ವಿಷಯ ಏನೆಂದರೆ — ಇಷ್ಟು ವರ್ಷ ನಾಟಕ ಆಡಿಕೊಂಡು, ಪತ್ರಿಕೆಗೆ ನಾಟಕದ ವಿಮರ್ಶೆ ಬರೆದವನಿಗೆ ಸಂಪಾದಕ ಓಬಳೇಶಪ್ಪನವರು ‘ವಾಣಿಜ್ಯ-ತಂತ್ರಜ್ಞಾನ’ ಪುಟ ಕೊಟ್ಟಿದ್ದಾರೆ. ಗದೆ ತಿರುಗಿಸಿದ ಕೈಯಲ್ಲಿ ಮೌಸು! ಎರಡು ವಾರ ಪರೀಕ್ಷೆ. ಓದುಗರು ಸಿಗದಿದ್ದರೆ ಪುಟ ಬಂದ್, ನಾನು ಶ್ರದ್ಧಾಂಜಲಿ ವಿಭಾಗಕ್ಕೆ.

"ದುರ್ಗದ ಜನಕ್ಕೆ ಶೇರು ಗೀರು ಬ್ಯಾಡ ಕಣಯ್ಯ. ಹಿರಿಯೂರು ಸಂತೇಲಿ ಕುರಿ ಏನ್ ರೇಟು? ಅದ್ನ ತಗಂಬಾ," ಅಂದರು.

ತರುತ್ತೇನೆ. ಅದರಲ್ಲೇನು?

6 ಜೂನ್, ಸಂಜೆ

ಅದರಲ್ಲೇನು ಅಂದವನ ಬಾಯಿಗೆ ಮಣ್ಣು.

ಆ ಸಂತೆಯಲ್ಲಿ ರೇಟನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಕಂಬಳಿ ಮುಚ್ಚಿ, ಒಳಗೆ ಬೆರಳು ಹಿಡಿದು ವ್ಯಾಪಾರ. ಮಾರಿಕಣಿವೆ ಕಡೆಯ ಕುರಿಗಾರ್ತಿ ಮುದ್ದಕ್ಕ, ವ್ಯಾಪಾರಿ ಚಿತ್ತಯ್ಯ — ಇಬ್ಬರ ಮುಖವೂ ಕಲ್ಲು. ಕಂಬಳಿ ಮಾತ್ರ ಅಲುಗುತ್ತಿತ್ತು. ಎಂಥಾ ಅಭಿನಯ! ಚಿತ್ತಯ್ಯ ಟೀ ಕುಡಿಯಲು ಆಚೆ ಹೋದಾಗ ರೇಟು ಹೇಳೆಂದು ಕೇಳಿಕೊಂಡೆ. ಮುದ್ದಕ್ಕ ನನ್ನ ಕೈಯನ್ನೂ ಕಂಬಳಿಯೊಳಗೆ ಎಳೆದು, ಅವಳ ಟಗರುಗಳಿಗೆ ಚಿತ್ತಯ್ಯ ಕೊಡುತ್ತೇನೆಂದ ರೇಟನ್ನು ಬೆರಳು ಒತ್ತಿ ತೋರಿಸಿದಳು. ಭಾರೀ ರೇಟು! ಖುಷಿಗೆ ಕಂಠ ತಾನಾಗಿ ತೆರೆದುಕೊಂಡಿತು. ಕೊನೆಯ ಸಾಲಿಗೂ ಮುಟ್ಟುವಂತೆ ಆ ರೇಟನ್ನು ಕೂಗಿಬಿಟ್ಟೆ...

ಸಂತೆಗೆ ಸಂತೆಯೇ ತಿರುಗಿತು. ಕುರಿಗಳೂ.

"ನಮ್ಗ್ಯಾಕ್ಲೇ ಕಮ್ಮಿ ಕೊಟ್ಟೆ?" ಎಂದು ಆಗಲೇ ಮಾರಿದ್ದವರು ಚಿತ್ತಯ್ಯನ ಮೇಲೆ ಬಿದ್ದರು. ಅವನು ಟವಲ್ ಒದರಿ ಹೆಗಲಿಗೆ ಹಾಕಿದ. "ನಿನ್ ಟಗರೂ ಬ್ಯಾಡ ಮುದ್ದಕ್ಕ, ನಿನ್ ಮೈಕೂ ಬ್ಯಾಡ!" ಹೋದ. ಮುದ್ದಕ್ಕ ಟಗರುಗಳನ್ನು ಹೊಡೆದುಕೊಂಡು ವಾಪಸ್. ನನ್ನ ಕಡೆ ನೋಡಲೂ ಇಲ್ಲ.

8 ಜೂನ್

ಮುರಿದ ವ್ಯಾಪಾರದ ರೇಟು ಹಾಕುವಂತಿಲ್ಲ; ರೇಟಿಲ್ಲದೆಯೇ ಸಂತೆಯ ವರದಿ ಬರೆದುಕೊಟ್ಟೆ. ಓಬಳೇಶಪ್ಪನವರು ಓದಿ ಕನ್ನಡಕ ತೆಗೆದರು. "ಚೆನ್ನಾಗೈತೆ. ಆದ್ರೆ ಇದು ನಾಟಕದ ವಿಮರ್ಶೆ ಕಣಯ್ಯ. ‘ಟಗರಿನ ಪ್ರವೇಶ ಗಂಭೀರವಾಗಿತ್ತು’ ಅಂತ ಬರ್ದಿದ್ದೀಯಲ್ಲ!"

ಇನ್ನೊಂದೇ ವಾರ.

12 ಜೂನ್, ಸಂಜೆ

ಮುದ್ದಕ್ಕನ ಹಟ್ಟಿಗೆ ಹೋಗಿಬಂದೆ. ಅಂಗಳದಲ್ಲೇ ಮಂಡಿಯೂರಿ ಕೈ ಮುಗಿದೆ.

"ಏಳಪ್ಪ ಮೈಕಣ್ಣ, ಪ್ಯಾಂಟಿಗೆ ಹಿಕ್ಕೆ ಮೆತ್ಕಂತೈತೆ."

ತಪ್ಪಾಯ್ತಕ್ಕ, ಇನ್ನು ಕೂಗುವುದಿಲ್ಲ ಅಂದೆ.

"ಕೂಗ್ಬ್ಯಾಡ ಅಂದೋರ್ಯಾರು? ವ್ಯಾಪಾರ ಮುಗಿಯಕ್ ಮುಂಚೆ ಕೂಗಿದ್ಯಲ್ಲ, ಅದ್ಕೇ ಸಿಟ್ಟು. ಕುರಿ ಲಾರಿ ಹತ್ಲಿ, ಆಮೇಲ್ ಕೂಗು. ಅವತ್ತು ಕಮ್ಮಿಗೆ ಕೊಟ್ಟೋರೆಲ್ಲ ನಿನ್ನೇ ಕೇಳ್ತಾವ್ರೆ — ಆ ಗಂಟ್ಲಿನೋನು ಮತ್ತೆ ಬರ್ತಾನಾ ಅಂತ."

"ನಾಳೆ ಸಂತೆಗೆ ಚಿತ್ತಯ್ಯ ಬರ್ತಾನೇನಕ್ಕ?"

"ಬರ್ದೇ ಏನು? ನನ್ ಟಗರು ನೋಡಿದ್ಮ್ಯಾಲೆ ಅವ್ನಿಗೆ ಊಟ ಸೇರಲ್ಲ."

ಓಬಳೇಶಪ್ಪನವರಿಗೆ ಫೋನ್ ಮಾಡಿ ನನ್ನ ಯೋಜನೆ ಹೇಳಿದೆ. ಲಾರಿಗಳು ತುಂಬಿದ ಮೇಲೆ ಸಂತೆಯ ಅಷ್ಟೂ ರೇಟು ಕೇಳಿ ಬರೆದುಕೊಳ್ಳುವುದು. ಕೂಡಲೇ ಹೊಸದುರ್ಗ, ಹೊಳಲ್ಕೆರೆಯ ನಮ್ಮ ಪತ್ರಿಕೆ ಏಜೆಂಟರಿಗೆ ಮೊಬೈಲಿನಲ್ಲಿ ಮೆಸೇಜು, ಅವರು ಅಂಗಡಿ ಬೋರ್ಡಿಗೆ. ಶುಕ್ರವಾರ ಪುಟ.

"ವಾಣಿಜ್ಯನೂ ಆಯ್ತು, ತಂತ್ರಜ್ಞಾನನೂ ಆಯ್ತು," ನಕ್ಕರು. "ಅಲ್ಲೀವರ್ಗೂ ಬಾಯ್ ಮುಚ್ಕಂಡಿರ್ತೀಯಾ?"

ಇರುತ್ತೇನೆ. ಹಲ್ಲಿಯ ಆಣೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹಿರಿಯೂರು. ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಮುದ್ದಕ್ಕನ ಪಕ್ಕ ಮೂಗನ ಹಾಗೆ ಕೂರುತ್ತೇನೆ. ಅವಳ ಕೊನೆಯ ಟಗರು ಲಾರಿ ಹತ್ತಿದ್ದೇ ತಡ — ಉಗಿದು, ಬೇವಿನ ಕಟ್ಟೆ ಏರಿ, ಗಂಟಲು ಸರಿಮಾಡಿಕೊಂಡು, ಮಹಾಜನಗಳೇ...