ಮಾಸದ ಜೆರ್ಸಿ

ಮಾರ್ಚ್ ೧೪, ಶುಕ್ರವಾರ

ಇವತ್ತು ಆ ಗಂಟು ಬಿಚ್ಚಲೇಬಾರದಿತ್ತು. ಪ್ರತಿ ವರ್ಷದಂತೆ ಹಾಕಿ ತಂಡದವರು, ಬಿಟ್ಟುಹೋದ ಆಟಗಾರರ ಜೆರ್ಸಿಗಳನ್ನು ನನ್ನ ಹೊಲಿಗೆ ಅಂಗಡಿಗೆ ತಂದುಹಾಕಿದರು. ಬೆನ್ನಿನ ಮೇಲಿನ ಹೆಸರು ಬಿಚ್ಚಿ ಹೊಸಬರ ಹೆಸರು ಹೊಲಿಯಬೇಕು. ತಳದಲ್ಲಿ ತಮ್ಮನದೂ ಇತ್ತು.

ಇವನಂಥವನು ಇನ್ನೊಬ್ಬ ಸಿಗಲ್ಲ ಎಂದಿದ್ದರು ಅವನ ಕೋಚ್. ಈ ತಂಡ ಸೇರಿ ದೊಡ್ಡ ಲೀಗ್‌ನಲ್ಲಿ ಆಡಿದ ಮೂರನೇ ಪಂದ್ಯಕ್ಕೇ ಮಂಡಿ ಕೈಕೊಟ್ಟಿತು.

ಜೆರ್ಸಿ ಬಚ್ಚಿಡುವಷ್ಟರಲ್ಲಿ ಅವನೇ ಕುಂಟುತ್ತ ಒಳಗೆ ಬಂದ.

"ಕೊಡಕ್ಕ, ನಾನೇ ಬಿಚ್ತೀನಿ."

"ಬೇಡ ಕಣೋ, ಬಟ್ಟೆ ಹರೀತೀಯ."

ಸರಿ, ನಾನು ಬಿಚ್ಚಿದೆ, ಅವನು ಪಕ್ಕದಲ್ಲಿ ಕೂತು ನೂಲಿನ ಚೂರು ಹೆಕ್ಕಿದ.

ಹಳಬರ ಜೆರ್ಸಿಯಲ್ಲಿ ಅಕ್ಷರ ಕಿತ್ತರೂ ಹೆಸರು ಹೋಗುವುದಿಲ್ಲ. ಬಿಸಿಲಿಗೆ, ಒಗೆತಕ್ಕೆ ಸುತ್ತಲಿನ ಬಟ್ಟೆ ಮಾಸಿ, ಅಕ್ಷರದ ಅಡಿಯ ಬಣ್ಣ ಮಾತ್ರ ಗಾಢವಾಗಿ ಉಳಿದಿರುತ್ತದೆ. ತಮ್ಮನದು ಮಾಸುವಷ್ಟು ಒಗೆತ ಕಂಡೇ ಇರಲಿಲ್ಲ. ಇಸ್ತ್ರಿ ಎಳೆದ ಮೇಲೆ ಸೂಜಿಯ ತೂತೂ ಕಾಣಲಿಲ್ಲ.

ಅವನು ಅಂಗೈಯಿಂದ ಸವರಿದ.

"ಯಾರೂ ಹಾಕ್ಕೊಂಡೇ ಇಲ್ಲ ಅನ್ನೋ ಹಾಗಿದೆ, ಅಲ್ವೇನಕ್ಕ."

ನನ್ನ ಕೈಕೆಲಸ ಹೊಗಳಿದ ಎನ್ನುವ ಹಾಗೆ ಹೂಂಗುಟ್ಟಿದೆ. ಹೊಸಬನ ಹೆಸರು ನಾಳೆ ಹೊಲಿದರಾಯಿತು. ಇವತ್ತು ಕೈ ಏಳಲಿಲ್ಲ.