ಓದಿ ಹೇಳದೆ ಬಿಟ್ಟ ಸಾಲು

ಬೇತಮಂಗಲ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಸೊಂಟದ ನೋವು ಹೇಗಿದೆ? ಆ ಮನೆಯವರು ಅಡುಗೆಯ ಜೊತೆಗೆ ಇನ್ನೂ ಮೆಟ್ಟಿಲು ಒರೆಸಿಸುತ್ತಿದ್ದಾರಾ? ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಬಂಗಾರಪೇಟೆ ಕಾಲೇಜಿನಲ್ಲಿ ಮೊದಲನೇ ಇಂಟರ್ನಲ್ಸ್ ಮುಗಿಯಿತು; ಕೆಮಿಸ್ಟ್ರಿ ಸುಮಾರು. ಬಸ್ಸಿನಲ್ಲಿ ನಿಂತಲ್ಲೇ ನಿದ್ದೆ ಬರುತ್ತದೆ. ಫೋನಿನಲ್ಲಿ ಮಾತಾಡುವಾಗ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ. ನಾಳೆ ಕುವೈತಿಗೆ ವಾಪಸ್ ಹೊರಟಿರುವ ಶ್ಯಾಮಲಕ್ಕನ ಕೈಲಿ ಕಳಿಸುತ್ತಿದ್ದೇನೆ.

ಅಪ್ಪನ ವಿಷಯ. ರೈಲಿನಿಂದ ಬಿದ್ದಾಗ ಆಪರೇಷನ್ ಮಾಡಿ ತೆಗೆದ ತಲೆಬುರುಡೆಯ ಮೂಳೆಗೆ ಸೋಂಕು ತಗುಲಿ, ಮತ್ತೆ ಕೂರಿಸಲಾಗದೆ ಹೋದದ್ದು ನಿನಗೆ ಗೊತ್ತು. ಎಡಗಣ್ಣಿನ ಮೇಲಿನ ಹಳ್ಳ ಹಾಗೇ ಇದೆ. ಬಗ್ಗಿದರೆ ತಲೆ ಸುತ್ತುತ್ತದೆ, ಹಾಲು ಕರೆಯಲೂ ಆಗುವುದಿಲ್ಲ. ಮನೆಯೊಳಗೂ ತಲೆಯ ಟವೆಲ್ ಬಿಚ್ಚುವುದಿಲ್ಲ. ಹೋದ ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ಹೊಸ ಪ್ರಯೋಗಕ್ಕೆ ಅಪ್ಪನ ಹೆಸರು ಬರೆದುಕೊಂಡರು. ಸೊಂಟದ ಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ತಲೆಯ ಹಳ್ಳಕ್ಕೆ ತುಂಬುತ್ತಾರಂತೆ. ಅಲ್ಲೇ ಮೂಳೆ ಬೆಳೆಯಬಹುದಂತೆ. ಒಪ್ಪಿಗೆಯ ಫಾರಂ ಒಂಬತ್ತು ಪುಟ, ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ತರಿಸುತ್ತೇನೆ, ಅರ್ಧ ಗಂಟೆ ಕೂತಿರಿ ಎಂದರು ಡಾಕ್ಟರು. ಬೇಡ, ನಾನೇ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ ಎಂದೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿಟ್ಟು ಇಂಗ್ಲಿಷ್ ಓದಿಸಿದ್ದೀರಲ್ಲ, ಅದರ ಜಂಬ.

ಎರಡನೇ ಪುಟದಲ್ಲಿ ಮೂಳೆ ಬೆಳೆಯುವ ವಿಷಯ ಬಂದಾಗ ಅಪ್ಪ ಟವೆಲ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ‘ನಂದೇ ಮೂಳೆನಾ?’ ಅಂತ ಕೇಳಿದ. ಅಷ್ಟು ಜನರ ಮುಂದೆ ಬಿಚ್ಚಿದ್ದು ಅದೇ ಮೊದಲು. ಐದನೇ ಪುಟದಲ್ಲಿ ಬೇರೆ ಸಾಲಿತ್ತು: ಸೇರಿದವರಲ್ಲಿ ಅರ್ಧ ಜನಕ್ಕೆ ಮಾತ್ರ ಸೆಲ್, ಉಳಿದವರಿಗೆ ಮಾಮೂಲಿ ಟೈಟಾನಿಯಂ ಪ್ಲೇಟ್, ಯಾರಿಗೆ ಯಾವುದೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅದನ್ನು ಓದಿ ಹೇಳಲು ನನ್ನ ಕೈಲಾಗಲಿಲ್ಲ. ಪುಟ ತಿರುಗಿಸಿದೆ. ಅಪ್ಪ ಸೈನ್ ಹಾಕಿದ.

ಊರಿಗೆ ಬಂದ ಮೇಲೆ ಅಜ್ಜಿ ಮುತ್ಯಾಲಮ್ಮನ ಗುಡಿಗೆ ಹೋಗಿ ಹೂ ಕೇಳಿದಳು: ‘ತಾಯಿ, ಅವನ ಮೂಳೆನೇ ಅವನಿಗೆ ಇಕ್ತಾರಂತೆ. ನಿನ್ನ ಒಪ್ಪಿಗೆ ಇದ್ರೆ ಬಲಗಡೆ ಕೊಡು.’ ಪೂಜಾರಿ ಚಿಕ್ಕವೆಂಕಟಪ್ಪ ಮಂಗಳಾರತಿ ಎತ್ತುವ ಮೊದಲೇ ಬಲಗಡೆಯ ಕನಕಾಂಬರ ಬಿತ್ತು. ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಲೋಹ ಅಂದರೆ ಅವಳಿಗಾಗದು. ಉರಿಗಾಂನ ಕದಿರಪ್ಪ ಮಾವನ ಕಾಲಿಗೆ ರಾಡ್ ಹಾಕಿ ಕೀವಾದದ್ದನ್ನು ಮರೆತಿಲ್ಲ. ‘ನನ್ ಮಗನ ತಲೆಗೆ ಕಬ್ಬಿಣ ಒಡ್ಯಕ್ಕೆ ಬಿಡಲ್ಲ’ ಅಂತ ಮೊದಲಿಂದಲೂ ಹಟ.

ಮೊನ್ನೆ ಶುಕ್ರವಾರ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ಚೀಟಿಯಲ್ಲಿ ಅಪ್ಪನಿಗೆ ಪ್ಲೇಟ್ ಬಂದಿದೆ. ಬುಧವಾರ ಅಡ್ಮಿಟ್, ಗುರುವಾರ ಆಪರೇಷನ್. ಬೇಡವಾದರೆ ಬಿಡಬಹುದು, ಆದರೆ ಸೆಲ್ ಸಿಗುವುದಿಲ್ಲ. ಪ್ಲೇಟಿನಿಂದಲೂ ತಲೆಗೆ ರಕ್ಷಣೆ ಇರುತ್ತದೆ, ಮತ್ತೆ ಕೆಲಸಕ್ಕೆ ಹೋಗಬಹುದು ಎಂದು ನರ್ಸ್ ಹೇಳಿದರು. ಎರಡು ದಿನದಿಂದ ಯಾರಿಗೂ ಹೇಳಿಲ್ಲ. ಅಪ್ಪ ಈಗ ಟವೆಲ್ ಸರಿಸಿ ಕನ್ನಡಿಯ ಮುಂದೆ ನಿಂತು ಹಳ್ಳವನ್ನು ಬೆರಳಿನಿಂದ ಮುಟ್ಟಿಕೊಳ್ಳುವುದು ಕಂಡರೆ ಹೊರಗೆ ಹೋಗಿಬಿಡುತ್ತೇನೆ. ಇವತ್ತು ಹೇಳಲೇಬೇಕು. ಸಾಕಾಗಿದೆ ಅಮ್ಮಾ.

ಅಜ್ಜಿ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಅಪ್ಪ ನಾನು ಬರೆಯುವುದನ್ನು ನೋಡಿ, ಇಷ್ಟುದ್ದ ಏನಿದೆ ಅಂತ ನಕ್ಕ. ಮೈ ಕಡೆ ಜೋಪಾನ.

ನಿನ್ನ ಮಗಳು,
ಸುಕನ್ಯ

ತಾ.ಕ.: ಶ್ಯಾಮಲಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಈಗಷ್ಟೇ ಕೊಟ್ಟಿಗೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಟವೆಲ್ ಬಿಗಿಯಾಗಿ ಕಟ್ಟಿಕೊಂಡು, ‘ಪ್ಲೇಟೇ ಆಗ್ಲಿ. ನಿಮ್ಮಜ್ಜಿಗೆ ಮಾತ್ರ ಏಳ್ಬೇಡ. ತಿರ್ಗಾ ಹೂ ಕೇಳಕ್ಕೆ ಓಗಿ ಎಡಗಡೆ ಬಿದ್ರೆ, ನಾನು ಇಂಗೇ ಇರ್ಬೇಕಾಯ್ತದೆ’ ಅಂದ. ಶುಕ್ರವಾರ ನೀನು ಫೋನ್ ಮಾಡಿದಾಗ ಅಜ್ಜಿ ಕೇಳಿದರೆ, ಇಟ್ಟಿರುವುದು ಮೂಳೆಯೇ ಅಂತ ನೀನೂ ಹೇಳಬೇಕಂತೆ. ನನಗೆ ಮನಸ್ಸಿಲ್ಲ ಅಮ್ಮಾ. ಆದರೂ ಹಾಗೇ ಹೇಳು.