ಹಬ್ಬದ ಬನ್ನು, ಹಾಗಲ ಕಷಾಯ

ಏಪ್ರಿಲ್ 3, ಗುಡ್ ಫ್ರೈಡೇ. ಮೇ ಪೆನ್, ಜಮೈಕಾ.

ಅಮ್ಮನ ಜೊತೆ ಏಗಿ ಏಗಿ ಸಾಕಾಯ್ತು. ಸಕ್ಕರೆ ಕಾಯಿಲೆ ಇಟ್ಟುಕೊಂಡು ಈಸ್ಟರ್ ಹಬ್ಬದ ಸಿಹಿ ಬನ್ನು, ಅದರೊಳಗೆ ಬೆರಳುದಪ್ಪ ಚೀಸು. ಒಂದಲ್ಲ, ಮೂರು ಹೋಳು! ಆಮೇಲೆ ಕಾಡುಹಾಗಲ ಬಳ್ಳಿಯ ಕಷಾಯ ಗಟಗಟ ಕುಡಿದು ಮುಖ ಕಿವುಚಿದಳು.

"ಕಹಿ ಒಳಗೆ ಹೋಯ್ತಲ್ಲ, ಇನ್ನು ಸಿಹಿ ಸತ್ತಂಗೇ ಬಿಡೇ."

"ವಾಕಿಂಗ್ ಹೋಗಮ್ಮ ಅಂದಿದ್ನಲ್ಲ?"

"ಹೋಗಿದ್ದೆ ಕಣೇ. ಅಂಗಡಿಯಿಂದ ಬನ್ನು ಮತ್ಯಾರು ತಂದಿದ್ದು, ನಿಮ್ಮಪ್ಪನಾ?"

ಊರಿಗೆಲ್ಲ ಪಥ್ಯ ಹೇಳುವ ನರ್ಸು ನಾನು! ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಈಗ ನೋಡಿದರೆ, ಇಷ್ಟು ಸೆಕೆಯಲ್ಲೂ ಕಾಲುಚೀಲ ಹಾಕಿಕೊಂಡೇ ಮಲಗಿದ್ದಾಳೆ. ಪರ್ಲೀನ್ ದೊಡ್ಡಮ್ಮನೂ ಇದೇ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ ಮುಂಚೆ ಹೀಗೇ ಹುಣ್ಣು ಮುಚ್ಚಿಡುತ್ತಿದ್ದಳು. ದಿನವೂ ಕಂಡವರ ಕಾಲಿನ ಪಟ್ಟಿ ಬಿಚ್ಚುವ ನನಗೆ, ಅಮ್ಮನ ಆ ಚೀಲ ಬಿಚ್ಚಲು ಕೈ ಬರುತ್ತಿಲ್ಲ.